ಹಳೇ ಮಾದರಿ ಮಡಚೋ ಚಾಕು ಕೂಡಿಡೋದ್ರಲ್ಲಿ ಅಂಥಾ ಸೆಳೆತ ಏನಿದೆ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಹಣ್ಣು ಹೆಚ್ಚೋಕೆ ಅಂತ ಒಂದು ಮಡಚೋ ಚಾಕು ತಗೊಂಡೆ, ಈಗ ಡ್ರಾಯರ್ ತುಂಬಾ ಅವೇ ಇವೆ, ಅರ್ಧಕ್ಕರ್ಧ ಬಳಸೋದೇ ಇಲ್ಲ, ಆದ್ರೂ ಇನ್ನೊಂದು ಬೇಕು ಅನ್ಸತ್ತೆ. ನಿಮಗೂ ಹೀಗಾಗತ್ತಾ? ಯಾಕಿರಬಹುದು?

ಉತ್ತರ 1: ನನಗಂತೂ ಅದರ ಸದ್ದು. ಸ್ಲಿಪ್‌ಜಾಯಿಂಟ್ ಅನ್ನೋ ಹಳೇ ಮಾದರಿ ಮಡಚೋ ಚಾಕುಗೆ ಲಾಕ್ ಇರಲ್ಲ, ಬೆನ್ನಲ್ಲಿರೋ ಸ್ಪ್ರಿಂಗ್ ಒತ್ತಡದ ಮೇಲೇ ಅಲಗು ನಿಲ್ಲತ್ತೆ, ಉಗುರು ಸಿಕ್ಕಿಸಿ ಎಳೆದ್ರೆ ಕೊನೇಲಿ ಟಕ್ ಅಂತ ಕೂರತ್ತೆ ನೋಡಿ, ಒಳ್ಳೇ ಕೆಲಸ ಅಂತ ಕೈಗೇ ಗೊತ್ತಾಗತ್ತೆ. ಕಾರ್ಬನ್ ಸ್ಟೀಲ್ ಆದ್ರೆ ಹಣ್ಣಿನ ಹುಳಿ ತಾಗಿ ತಾಗಿ ನೀಲಿ-ಬೂದು ಬಣ್ಣಕ್ಕೆ ತಿರುಗತ್ತೆ, ನಿಮ್ಮ ಚಾಕು ಮೇಲಿರೋ ಕಲೆ ಇನ್ನೊಬ್ಬರದ್ರ ಮೇಲೆ ಇರಲ್ಲ. ಅದನ್ನ ಉಜ್ಜಿ ಹೊಳಪು ಮಾಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ.

ಉತ್ತರ 2: ಹುಡುಕಾಟದ ಮಜಾನೂ ಸೇರಿಸ್ಕೊಳ್ಳಿ. ಅಮೆರಿಕದ ಕೇಸ್ ಅನ್ನೋ ಚಾಕು ಕಂಪನಿಯವರು 1970ರಲ್ಲಿ ಅಲಗಿನ ಬುಡದ ಮುದ್ರೇಲಿ 10 ಚುಕ್ಕಿ ಹಾಕಿ ಆಮೇಲೆ ವರ್ಷಕ್ಕೊಂದು ಕಮ್ಮಿ ಮಾಡ್ತಾ ಬಂದ್ರು, ಭೂತಗನ್ನಡಿ ಹಿಡಿದು ಎಣಿಸಿದ್ರೆ ಯಾವ ವರ್ಷದ್ದು ಅಂತ ಸಿಕ್ಬಿಡತ್ತೆ. ಮಧ್ಯೆ ಒಂದು ವರ್ಷ ಖಾಲಿ ಇದ್ರೆ ಮನಸ್ಸು ಸುಮ್ನಿರಲ್ಲ!

ಉತ್ತರ 3: ಎಲ್ಲಾ ಸರಿ, ಆದ್ರೆ ಬಳಸಿ ಸ್ವಾಮಿ. ಫ್ರಾನ್ಸ್‌ನ ಒಪಿನೆಲ್ 1890ರಿಂದ ಬಂದಿರೋ ಸರಳ ಮರದ ಹಿಡಿ ಚಾಕು, 1955ರಲ್ಲಿ ತಿರುಗಿಸೋ ಬಳೆ ಲಾಕ್ ಸೇರ್ಕೊಂತು, ಅಷ್ಟೇ, ಇವತ್ತಿಗೂ ಜನ ಬಿಟ್ಟಿಲ್ಲ. ದಿನಾ ಒಂದೊಂದು ಜೇಬಿಗಿಳಿಸಿ, ಕೈಗೇ ಬರದೇ ಇರೋದನ್ನ ಇಷ್ಟಪಡೋರಿಗೆ ಕೊಡಿ. ಇಟ್ಕೊಳ್ಳೋದಾದ್ರೆ ಅಲಗು ಮಡಚೋ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ, ಚರ್ಮದ ಚೀಲದಲ್ಲಿ ಮಾತ್ರ ವರ್ಷಗಟ್ಟಲೆ ಇಡ್ಬೇಡಿ, ತೇವ ಹಿಡಿದು ತುಕ್ಕು ಬರತ್ತೆ.