ಕೈಲೆ ಹೊಲಿದ ಕೌದಿಗೆ ಕಿಮ್ಮತ್ತಿಲ್ಲದ ಮನಿಗೆ ಏನು ಕೊಡಬೇಕು?

ಕುಷ್ಟಗಿ ಕೌದಿ:

ಎಲ್ಲಾರಿಗೂ ನಮಸ್ಕಾರ್ರಿ. ಪ್ರಶ್ನೆ ಅರ್ಧ ಹೊಲಿಗಿದು, ಅರ್ಧ ಮಂದೀದು.

ಮದುವಿಗೆ, ತೊಟ್ಲ ಕಾರ್ಯಕ್ಕ ಆಯಾರದ ಬದಲಿ ಕೌದಿ (ಹಳೇ ಸೀರಿ ಪದರು ಪದರಾಗಿ ಕೈಲೆ ಹೊಲಿದ ಹೊದಿಕಿ) ಕೊಡೋ ರೂಢಿ ಇಟ್ಟೀನಿ. ಆರು ಪದರು, 6 ಅಡಿ ಉದ್ದ, ಮ್ಯಾಲೆ ಚೌಕ ಚೌಕ ತುಂಡು. ಕೊಟ್ಟ ಮೂರರಾಗ ಒಂದು ಕಾರಿನ ಹಿಂದಿನ ಸೀಟಿಗೆ ಹಾಸ್ಯಾರ, ಒಂದು ಪ್ಲಾಸ್ಟಿಕ್ ಚೀಲದಾಗ ಅಟ್ಟ ಸೇರೈತಿ, ಇನ್ನೊಂದರ ಮ್ಯಾಲೆ ನಾಯಿ ಮಲಗತೈತಿ. ‘ಹಳೇ ಅರಿವಿ ಹೊಲಿದು ಕೊಟ್ಟು ರೊಕ್ಕ ಉಳಿಸ್ಯಾಳ’ ಅನ್ನೋ ಮಾತೂ ಕಿವಿಗೆ ಬಿದ್ದೈತಿ.

ಕೊಡೋದನ್ನೇ ಬಿಡಬೇಕೋ, ಇಲ್ಲಾ ಹೊಲಿಯೋದರಾಗ ಏನರ ತಪ್ಪೈತೋ? ಮುಂದಿನ ತಿಂಗಳ ನಾದಿನಿ ಕೂಸಿನ ತೊಟ್ಲ ಐತಿ. ಕೈಯಾಗ ಎರಡು ಕಾಟನ್ ಸೀರಿ, ಒಂದು ನೈಲಾನ್, ಒಂದು ಇಳಕಲ್, ಒಂದು ಚೀಲ ಬಳ್ಳಾರಿ ಜೀನ್ಸ್ ತುಂಡು ಅದಾವು. ತಿಳಿದವರು ಹೇಳ್ರಿ.

ಮಾನ್ವಿ ದಬ್ಬಣ:

ಅಕ್ಕಾರ, ಮೊದಲ ಒಂದು ಮಾತು ಕೇಳ್ತೀನಿ. ಆ ಮೂರು ಕೌದಿಗೆ ಹಾಕಿದ ಅರಿವಿ ಯಾರ ಮನೀದು? ನಿಮ್ಮ ಮನೀದೇ ಆಗಿದ್ರ ಅಲ್ಲೇ ಕೆಟ್ಟದ.

ಕೌದಿ ಹೊಲಿಯೋ ಹೆಣ್ಮಕ್ಕಳು ಊರಿಗೆ ಬಂದ್ರ ತಮ್ಮ ಜೋಡಿ ತರತಿದ್ದದ್ದು ಸೂಜಿ, ದಾರ ಅಷ್ಟ. ಅರಿವಿ ಆ ಮನಿಯವರೇ ಗಂಟು ಬಿಚ್ಚಿ ಮುಂದ ಇಡತಿದ್ರು. ಹಿಂಗಾಗಿ ಹೊದ್ಕೊಂಡವರಿಗೆ ಯಾವ ತುಂಡು ಅವ್ವಂದು, ಯಾವುದು ಅಜ್ಜನ ಧೋತರ ಅಂತ ಗೊತ್ತಿರತಿತ್ತು. ಸ್ವಂತ ಮನಿ ಹಳೇ ಸೀರಿ ಅಂದ್ರ ನೆನಪು, ಬ್ಯಾರೆ ಮನಿ ಹಳೇ ಸೀರಿ ಅಂದ್ರ ಬರೇ ಹಳೇ ಅರಿವಿ. ಅದರಾಗೂ ಮಂಗಳ ಕಾರ್ಯಕ್ಕ ಉಟ್ಟು ಬಿಟ್ಟ ಅರಿವಿ ಮುಯ್ಯಿ ಮಾಡಿದ್ರ ಮುಖ ಸಿಂಡರಿಸೋರು ಭಾಳ ಮಂದಿ. ಅವರು ಕೆಟ್ಟವರಂತಲ್ಲ, ರೂಢಿನೇ ಹಂಗದ.

ಅದಕ್ಕ ಹೊಲಿಯೋಕಿಂತ ಮುಂಚೆ ಕೇಳ್ರಿ: ‘ನಿಮ್ಮ ಅವ್ವಂದೋ ಅಜ್ಜೀದೋ ಎರಡು ಕಾಟನ್ ಸೀರಿ ಕೊಡ್ರಿ, ಕೂಸಿಗೆ ಕೌದಿ ಮಾಡ್ತೀನಿ.’ ಖುಷಿಲೆ ಹುಡುಕಿ ಕೊಟ್ರ ಹೊಲೀರಿ. ‘ನೋಡೋಣ ತಗೋರಿ’ ಅಂತ ವಾರ ದೂಡಿದ್ರ ಅವರಿಗೆ ಬ್ಯಾಡ ಅಂತ ಅರ್ಥ. ಒಂದು ಜೋಡಿ ಟವೆಲ್ ಕೊಟ್ಟು ಬರ್ರಿ, 30 ತಾಸು ಉಳೀತದ.

ಸೀರಿ ಬಂದ ಮ್ಯಾಲೆ ಬಿಸಲಿಗೆ ಹಿಡಿದು ನೋಡ್ರಿ. ನಿರಿಗಿ ಬೀಳೋ ಜಾಗ, ಕುಂಡಿ ಕಡೀ ಭಾಗ ಮೊದಲ ಸವೀತದ, ಜಾಳುಜಾಳಾಗಿ ಕಾಣ್ತದ. ಸೆರಗಿನ ಕಡೀ ಅರಿವಿ ಗಟ್ಟಿ ಉಳಿದಿರ್ತದ. ಎರಡೂ ಹೆಬ್ಬಟ್ಟು ಒತ್ತಿ ಉದ್ದಕ್ಕ ಒಮ್ಮೆ, ಅಡ್ಡಕ್ಕ ಒಮ್ಮೆ ಜಗ್ಗರಿ. ಚರ್ ಅಂದ್ರ ಅದು ಒಳಪದರಿಗೆ. ಗಟ್ಟಿದು ಮ್ಯಾಲೆ, ಕೆಳಗ.

ಇಳಕಲ್ ಇದ್ರ ಸೆರಗು ಬ್ಯಾರೆ ಮಾಡ್ರಿ. ಒಡಲು ಕಾಟನ್ ಇದ್ದರೂ ಟೋಪಿತೆನಿ ಅನ್ನೋ ಚಿತ್ತಾರದ ಸೆರಗು ರೇಷ್ಮಿದಿರ್ತದ, ಕೊಂಡಿ ಹಾಕಿ ಕೂಡಿಸಿರ್ತಾರ. ತೊಳದಾಗ ಎರಡೂ ಒಂದೇ ಪರಿ ಕುಗ್ಗಂಗಿಲ್ಲ, ಕೊಂಡಿ ಇದ್ದಲ್ಲಿ ಗುಬುಟು ಏಳ್ತದ. ಕೆಂಪು ಬ್ಯಾರೆ, ಬಣ್ಣ ಬಿಡೋ ಹೆದರಿಕಿ. ಒಡಲಷ್ಟ ಕೌದಿಗೆ ಹಾಕಿ ಸೆರಗನ್ನ ದಿಂಬಿನ ಚೀಲ ಮಾಡಿದ್ರ ಅದೊಂದು ಬ್ಯಾರೆ ಉಡುಗೊರೆ.

ಸಿರುಗುಪ್ಪ ಹೊಲಿಗೆ:

ಮೇಲಿನವರ ಮಾತು ಸರಿ. ಆದರೆ ಅಟ್ಟ ಸೇರುವ ಕೌದಿಗಳಿಗೆ ಇನ್ನೊಂದು ಕಾರಣ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ: ತೊಳೆಯೋಕೆ ಆಗಲ್ಲ.

ತೂಕ ಲೆಕ್ಕ ಹಾಕಿ. ಒಂದು ಕಾಟನ್ ಸೀರೆ ಸುಮಾರು 18 ಅಡಿ ಉದ್ದ, 45 ಇಂಚು ಅಗಲ. 6 ಅಡಿಗೊಂದು ಮಡಿಕೆ ಹಾಕಿದರೆ ಮೂರು ಪದರ, ಎರಡು ಸೀರೆಗೆ ಆರು. ತೆಳು ಸೀರೆ ಒಂದೊಂದು 400ರಿಂದ 500 ಗ್ರಾಂ ತೂಗುತ್ತೆ, ಹಾಗಾಗಿ ಕೌದಿ ಒಂದು ಕೆಜಿ ಆಸುಪಾಸು. ಮೇಲಿನ ಚೌಕಗಳು ಸೇರಿದರೆ ಒಂದೂಕಾಲು. ನೆನೆದ ಕಾಟನ್ ತನ್ನ ತೂಕದ ಎರಡು ಪಟ್ಟು ನೀರು ಹಿಡಿದು ಕೂರುತ್ತೆ. ಬಕೆಟ್‌ನಿಂದ ಎತ್ತಿ ಹಿಂಡೋಕೆ ಇಬ್ಬರು ಬೇಕು. ಮನೆಯಲ್ಲಿ ಒಬ್ಬಳೇ ಸೊಸೆ, ಕೈಯಲ್ಲಿ ಕೂಸು ಇದ್ದರೆ ಅವಳು ಅದನ್ನ ಹೊರಗೆ ತೆಗೆಯೋದೇ ಇಲ್ಲ. ತಾತ್ಸಾರ ಅಂತ ನಮಗೆ ಅನ್ನಿಸೋದು ಎಷ್ಟೋ ಸಲ ಬರೀ ಭಾರ.

ಜೀನ್ಸ್ ತುಂಡು ಹಾಕಿದರೆ ಇನ್ನೂ ಕಷ್ಟ. ಪ್ಯಾಂಟಿನ ಡೆನಿಮ್ ಒಂದು ಚದರ ಮೀಟರಿಗೆ ಸುಮಾರು 400 ಗ್ರಾಂ. ಆ ಅಳತೆಯ ಒಂದೇ ಪದರ 800 ಗ್ರಾಂ ದಾಟುತ್ತೆ, ಅಂದರೆ ಹತ್ತಿರ ಹತ್ತಿರ ಎರಡು ಸೀರೆ ತೂಕ. ಸೂಜಿಯೂ ಇಳಿಯಲ್ಲ. ನೀಲಿ ಬಣ್ಣ ನೂಲಿನ ಒಳಗೆ ಪೂರ್ತಿ ಹೋಗಿರಲ್ಲ, ಮೇಲ್ಮೇಲೆ ಕೂತಿರುತ್ತೆ, ತಿಕ್ಕಿದರೆ ಬಿಳಿ ಹಾಸಿಗೆಗೆ, ಕೂಸಿನ ಮೈಗೆ ಹತ್ತುತ್ತೆ. ಆ ಚೀಲವನ್ನ ಪಕ್ಕಕ್ಕಿಡಿ. ಅದರಲ್ಲಿ ಬಿಸಿ ಪಾತ್ರೆ ಹಿಡಿಯೋ ಬಟ್ಟೆ, ಸ್ಟೂಲಿನ ಮೇಲಿನ ಹಾಸು, ಮಾರ್ಕೆಟ್ ಚೀಲ ಚೆನ್ನಾಗಿ ಆಗುತ್ತೆ. ಪಾತ್ರೆ ಬಟ್ಟೆಗೆ 8 ಇಂಚಿನ ಚೌಕ, ಎರಡು ಡೆನಿಮ್ ನಡುವೆ ಎರಡು ಪದರ ಹಳೇ ಟವೆಲ್. ಒಂದು ತಾಸಿನ ಕೆಲಸ, ತೊಗೊಂಡವರು ಅವತ್ತಿಂದಲೇ ಬಳಸ್ತಾರೆ.

ನೈಲಾನ್ ಕೌದಿಗೆ ಬೇಡವೇ ಬೇಡ. ಪದರದ ನಡುವೆ ಜಾರುತ್ತೆ, ತೊಳೆದಾಗ ಕಾಟನ್ ಕುಗ್ಗಿ ಇದು ಕುಗ್ಗದೆ ಗುಳ್ಳೆ ಗುಳ್ಳೆಯಾಗಿ ನಿಲ್ಲುತ್ತೆ, ಬೆವರು ಹೀರಲ್ಲ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ಅದನ್ನ ಮೈಗೆ ತಾಗಿಸಿಕೊಂಡು ಯಾರು ಮಲಗ್ತಾರೆ?

‘ಹಳೇ ಅರಿವಿ’ ಮಾತು ತಪ್ಪಿಸೋಕೆ ಮೇಲುಪದರಕ್ಕೆ ಹೊಸ ಬಟ್ಟೆ ಹಾಕೋರು ಒಂದು ತಪ್ಪು ಮಾಡ್ತಾರೆ. ಹಳೇ ಸೀರೆ ತೊಳೆದು ತೊಳೆದು ಕುಗ್ಗಿ ಮುಗಿದಿರುತ್ತೆ, ಹೊಸ ಕಾಟನ್ ಇನ್ನೂ ನೂರಕ್ಕೆ 3ರಿಂದ 5 ಕುಗ್ಗುತ್ತೆ. 72 ಇಂಚಿನಲ್ಲಿ ಅದು ಎರಡರಿಂದ ಮೂರೂವರೆ ಇಂಚು! ಮೊದಲ ಒಗೆತಕ್ಕೇ ಇಡೀ ಕೌದಿ ಸುಕ್ಕಾಗಿ ಮುದುಡುತ್ತೆ. ಹೊಸ ಬಟ್ಟೆಯನ್ನ ರಾತ್ರಿ ನೀರಲ್ಲಿ ನೆನೆಹಾಕಿ, ಗಂಜಿ ಬಿಡೋವರೆಗೆ ಎರಡು ಸಲ ಒಗೆದು ಒಣಗಿಸಿ ಆಮೇಲೆ ಕತ್ತರಿ ಹಾಕಿ. ಬಣ್ಣ ಪರೀಕ್ಷೆಗೆ ಒದ್ದೆ ಬಿಳಿ ಚಿಂದಿಯನ್ನ ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಚಿಂದಿಗೆ ಬಣ್ಣ ಹತ್ತಿದರೆ ಆ ತುಂಡು ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತಾರಲ್ಲ, ಅದನ್ನ ನಂಬಿ ಕೂರಬೇಡಿ.

ಸಂಡೂರಿನ ಲಂಬಾಣಿ ಕಸೂತಿ ನೋಡಿ ಕನ್ನಡಿ, ಕವಡೆ ಹಚ್ಚೋ ಆಸೆ ಬರುತ್ತೆ. 2010ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕೆಲಸ ಅದು, ಗೋಡೆಗೆ, ಚೀಲಕ್ಕೆ ಬಲು ಚಂದ. ಕೂಸಿನ ಕೌದಿಗೆ ಮಾತ್ರ ಒಂದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತೆ.

ಕುಷ್ಟಗಿ ಕೌದಿ:

ಭಾಳ ಉಪಕಾರ ಆತ್ರಿ. ಮೂರೂ ಕೌದಿ ನಮ್ಮ ಮನಿ ಸೀರೀವೇ. ಒಂದಕ್ಕ ಮ್ಯಾಲೆ ಹೊಸಾ ಪೊಪ್ಲಿನ್ ತೊಳೀದೇ ಹಚ್ಚಿದ್ದೆ. ನಾಯಿಗೆ ಹಾಸಿದ್ದು ಅದೇ ಇರಬೇಕು, ಈಗ ಗೊತ್ತಾತು.

ಇನ್ನೊಂದು ಕೇಳ್ತೀನಿ. ‘ಅಂಗಡ್ಯಾಗ 500ಕ್ಕ ಸಿಗತೈತಿ’ ಅನ್ನೋರಿಗೆ ಏನು ಹೇಳಬೇಕು? ‘ಸುಮ್ನ ಕುಂತಿರ್ತಿ, ನಂಗೂ ಒಂದು ಹೊಲಿದು ಕೊಡು’ ಅನ್ನೋರಿಗೆ?

ಸಿಂಧನೂರು ದಾರದುಂಡಿ:

500ರ ಮಾತಿಗೆ ಜಗಳಕ್ಕ ನಿಲ್ಲಬ್ಯಾಡ್ರಿ. ಅಂಗಡಿದು ಹಗುರ ಇರ್ತದ, ಬೇಗ ಒಣಗ್ತದ, ಅದು ಖರೇನೇ. ‘ಹೌದ್ರಿ, ಅದು ಹಗುರ’ ಅಂದು ಮಾತು ಮುಗಸ್ರಿ.

ಎರಡನೇದಕ್ಕ ಲೆಕ್ಕ ಬಾಯಿಪಾಠ ಇರಲಿ. 45 ಇಂಚು ಅಗಲದಾಗ ಅರ್ಧ ಇಂಚಿಗೊಂದು ಸಾಲು ಅಂದ್ರ 90 ಸಾಲು. ಒಂದೊಂದು 6 ಅಡಿ, ಒಟ್ಟು 540 ಅಡಿ, 165 ಮೀಟರ್ ಹೊಲಿಗಿ. ಇಂಚಿಗೆ ಮೂರು ಟಾಕಿ ಅಂದ್ರೂ 19,000 ದಾಟ್ತದ. ಆರು ಪದರಿನಾಗ ಒಂದು ಸಾಲಿಗೆ 20 ನಿಮಿಷ ಹಿಡಿದ್ರ 30 ತಾಸು, ಸುಮಾರು ನಾಕು ದಿನದ ಕೂಲಿ. ಉದ್ಯೋಗ ಖಾತ್ರಿಯಾಗ 2025-26ಕ್ಕ ದಿನಕ್ಕ 370 ರೂಪಾಯಿ ಇತ್ತು, ಅದರ ಪ್ರಕಾರನೇ 1,480 ಆತು, ದಾರದ ರೊಕ್ಕ ಬ್ಯಾರೆ. ಸಿಟ್ಟಿಲ್ಲದ ಹೇಳ್ರಿ: ‘ಎರಡು ಕಾಟನ್ ಸೀರಿ ತೊಳದು ತಂದು ಕೊಡ್ರಿ, 30 ತಾಸಿನ ಕೆಲಸ, ದೀಪಾವಳಿ ಆದ ಮ್ಯಾಲೆ ಹಿಡೀತೀನಿ.’ ಸೀರಿ ತರೋರು ಹತ್ತರಾಗ ಇಬ್ಬರು ಬರಬಹುದು. ಆ ಇಬ್ಬರಿಗೆ ಹೊಲೀರಿ.

ಕೊಟ್ಟ ಮ್ಯಾಲೆ ‘ಹೊದ್ಕೊಂಡ್ರೇನು, ಬೆಚ್ಚಗ ಆತೇನು’ ಅಂತ ಕೇಳೋದು ಬಿಡ್ರಿ. ಅವರು ಸುಳ್ಳು ಹೇಳಬೇಕಾಗ್ತದ, ಅದು ನಿಮಗೂ ಗೊತ್ತಾಗ್ತದ. ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ ಅಂತ ಸಮಾಧಾನ ಮಾಡ್ಕೊಳ್ಳೋರೂ ಅದಾರ. ಆದ್ರ ಹಂಗ ಅಂದ್ಕೊಂಡವರಿಗೆ ಮುಂದಿನ ಕೌದಿನೂ ಹಂಗೇ ಭಾರ ಆಗ್ತದ, ತಪ್ಪು ತಿದ್ದಂಗಿಲ್ಲ.

ಅಟ್ಟದ ಮ್ಯಾಲಿನದು ಮಾತ್ರ ವಾಪಸ್ ಕೇಳ್ರಿ. ‘ಬಳಸಲಿಕ್ಕಿಲ್ಲ ಅಂದ್ರ ಕೊಡ್ರಿ, ಹಾಸ್ಟೆಲ್‌ಗೆ ಹೊಂಟ ಹುಡುಗಿಗೆ ಬೇಕಾಗ್ಯದ’ ಅಂದ್ರ ಯಾರೂ ಬ್ಯಾಸರ ಮಾಡಂಗಿಲ್ಲ.

ಮಾನ್ವಿ ದಬ್ಬಣ:

ವಾಪಸ್ ಕೇಳೋದು ನನಗ ಒಪ್ಪಿಗಿ ಇಲ್ಲ. ಮುಯ್ಯಿ ಕೊಟ್ಟಿದ್ದು ಕೊಟ್ಟಂಗ. ಬೀಗರ ನಡುವ ಈ ಮಾತು ವರ್ಷಗಟ್ಟಲೆ ತಿರಗ್ತದ, ಕೌದಿ ಸಿಕ್ಕರೂ ನಂಟು ಹರೀತದ. ಅವರಾಗೇ ‘ಒಯ್ರಿ’ ಅಂದ್ರ ತಗೋರಿ. ಅಲ್ಲೀತನ ಒಂದು ಮಾತಷ್ಟ ಹೇಳಬಹುದು: ಪ್ಲಾಸ್ಟಿಕ್ ಚೀಲ ತೆಗೆಸ್ರಿ. ಮಳಿಗಾಲದಾಗ ಒಳಗ ತ್ಯಾವ ಹಿಡಿದು ಮುಗ್ಗಲು ವಾಸನಿ ಕೂಡ್ತದ, ಕಪ್ಪು ಚುಕ್ಕಿ ಬಿದ್ದ ಮ್ಯಾಲೆ ಹೋಗಂಗಿಲ್ಲ. ಹಳೇ ಧೋತರದಾಗ ಸುತ್ತಿ, ಒಣಗಿದ ಬೇವಿನ ಸೊಪ್ಪು ಹಾಕಿಟ್ರ ಸಾಕು.

ಸಿರುಗುಪ್ಪ ಹೊಲಿಗೆ:

ತೊಟ್ಟಿಲಿಗೆ ಹೊಲಿಯೋದಾದರೆ ಅಳತೆ ಇಳಿಸಿ. 36 ಇಂಚು ಉದ್ದ, 30 ಅಗಲ, ನಾಲ್ಕೇ ಪದರ. ಸೀರೆಯನ್ನ 30 ಇಂಚಿಗೊಂದು ತುಂಡು ಮಾಡಿದರೆ ಒಂದರಲ್ಲೇ ಏಳು ತುಂಡು ಬರುತ್ತೆ. ನಾಲ್ಕು ಪದರಿಗೆ, ಮೂರು ಚೌಕ ಕತ್ತರಿಸೋಕೆ. ಅರ್ಧ ಇಂಚಿನ ಸಾಲಾದರೂ 10 ತಾಸಿನೊಳಗೆ ಮುಗಿಯುತ್ತೆ, ಬಕೆಟ್‌ನಲ್ಲಿ ಒಂದೇ ಕೈಲಿ ತೊಳೆಯಬಹುದು.

ನೆಲಕ್ಕೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಅಂಗೈಲಿ ನಡುವಿನಿಂದ ಅಂಚಿಗೆ ಸವರಿ ಸುಕ್ಕು ತೆಗೀರಿ. ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಟಾಕಿ ಹಾಕಿ. ಇದನ್ನ ಬಿಟ್ಟು ನೇರ ಅಂಚಿನಿಂದ ಸುತ್ತಿಕೊಂಡು ಒಳಗೆ ಬಂದರೆ ಮಿಕ್ಕ ಬಟ್ಟೆಯೆಲ್ಲ ನಡುವಿಗೆ ಬಂದು ಬುಗ್ಗೆ ಏಳುತ್ತೆ, ಆಗ ಬಿಚ್ಚೋದು ಬಿಟ್ಟು ದಾರಿಯಿಲ್ಲ. ಚೌಕಗಳ ಮೂಲೆ ನಾಲ್ಕೂ ಒಂದೇ ಕಡೆ ಕೂಡಿಸಬೇಡಿ, ಮಡಿಕೆ ಮೇಲೆ ಮಡಿಕೆ ಬಿದ್ದು ಸೂಜಿ ಮುರಿಯುತ್ತೆ. ಇಟ್ಟಿಗೆ ಕಟ್ಟಿದ ಹಾಗೆ ಅರ್ಧಕ್ಕೆ ಸರಿಸಿ.

ದಾರ ಕೈ ಉದ್ದಕ್ಕಿಂತ ಹೆಚ್ಚು ತೊಗೊಂಡರೆ ಗಂಟು ಬೀಳುತ್ತೆ. ಮೇಣದಬತ್ತಿಗೆ ಒಂದು ಸಲ ಎಳೆದುಕೊಳ್ಳಿ. ನೂಲಿನ ದಾರವೇ ಇರಲಿ. ಸವೆದ ಸೀರೆಗಿಂತ ದಾರ ಗಟ್ಟಿಯಾದರೆ, ಜಗ್ಗಿದಾಗ ಹರಿಯೋದು ಸೀರೆ. ಗಂಟನ್ನ ಪದರದೊಳಗೆ ಎಳೆದು ಮುಚ್ಚಿ, ಕೂಸಿನ ಬೆನ್ನಿಗೆ ಒತ್ತಬಾರದು.

ಕೊಡುವಾಗ ಒಂದು ಮಾತು ಹೇಳಿ: ಕೂಸಿಗೆ ವರ್ಷ ತುಂಬೋವರೆಗೆ ಮಲಗಿದಾಗ ಹೊದಿಸೋದು ಬೇಡ, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತೆ. ಎಚ್ಚರ ಇದ್ದಾಗ ನೆಲಕ್ಕೆ ಹಾಸಿ ಆಡಿಸೋಕೆ, ಎಣ್ಣೆ ತಿಕ್ಕುವಾಗ ಕಾಲ ಮೇಲೆ ಹಾಕಿಕೊಳ್ಳೋಕೆ ಅಂತ ಕೊಡಿ. ಬಳಸೋ ರೀತಿ ಗೊತ್ತಾದರೆ ವಸ್ತು ಅಟ್ಟ ಹತ್ತಲ್ಲ.

ಹಿಂಬದಿ ಮೂಲೆಗೆ 4 ಇಂಚು ಉದ್ದ, 3 ಅಗಲದ ಬಿಳಿ ಬಟ್ಟೆ ಹಚ್ಚಿ. ಅಳಿಸದ ಮಾರ್ಕರ್‌ನಲ್ಲಿ ಸೀರೆ ಯಾರದು, ವರ್ಷ, ಕೆಳಗೆ ‘ತಣ್ಣೀರು, ಡಿಟರ್ಜೆಂಟ್ ಪುಡಿ, ಎರಡು ಹಗ್ಗದ ಮೇಲೆ ನೆರಳಲ್ಲಿ’ ಅಂತ ಬರೆಯಿರಿ. ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ನಡುಸಾಲಿನ ಹೊಲಿಗೆ ಜಗ್ಗುತ್ತೆ. ಬೋರ್ ನೀರಿನ ಗಡಸಿಗೆ ಬಾರ್ ಸೋಪು ನೊರೆ ಬರದೆ ಬಿಳಿ ಜಿಡ್ಡಾಗಿ ಕೂರುತ್ತೆ, ಬಟ್ಟೆ ಹಪ್ಪಳದ ಹಾಗಾಗುತ್ತೆ. ಪುಡಿ ಅಂತ ಬರೆದದ್ದು ಅದಕ್ಕೇ.

ಕುಷ್ಟಗಿ ಕೌದಿ:

ನಾದಿನಿಗೆ ಫೋನ್ ಹಚ್ಚಿ ಕೇಳಿದೆ. ಅವರ ಅವ್ವನ ಎರಡು ಸೀರಿ ಕಳಸ್ತೀನಿ ಅಂದಾಳ, ಒಂದು ಕಾಟನ್, ಒಂದು ನೈಲಾನ್ ಅಂತ. ಅವರ ಅವ್ವಗ ಆ ನೈಲಾನ್ ಸೀರಿ ಮ್ಯಾಲೆ ಭಾಳ ಪ್ರೀತಿ ಅಂತ. ಏನು ಮಾಡ್ಲಿ?

ಮಾನ್ವಿ ದಬ್ಬಣ:

ಬ್ಯಾಡ ಅನಬ್ಯಾಡ್ರಿ, ಎರಡೂ ತಗೋರಿ. ಕಾಟನ್‌ದು ಕೌದಿಗೆ. ನೈಲಾನ್‌ದರ ಅಂಚಿನಾಗ ಒಂದು ಬೆರಳು ಅಗಲದ ಪಟ್ಟಿ ಕತ್ತರಿಸ್ರಿ, ಎಳಿ ಬಿಡದಂಗ ತುದಿ ಮಡಚಿ ಆ ಹೆಸರಿನ ಬಟ್ಟಿ ಸುತ್ತ ಹಚ್ಚರಿ. ಅಷ್ಟ ಜಾಗದಾಗ ಅದು ಕುಗ್ಗದಿದ್ರೂ ನಡೀತದ. ಉಳಿದ ಸೀರಿ ಮಡಚಿ ಕೌದಿ ಜೋಡಿ ವಾಪಸ್ ಕೊಡ್ರಿ.