ಕೈ ರೂಟರಿನಲ್ಲಿ ನೇರ ತೋಡು: ಅನುಭವವಿದ್ದವರು ಹೇಳಿ

ಹೊಸನಗರದಿಂದ:
ಹಳೆಯ ಮನೆ ಕೆಡವಿದಾಗ ಸಿಕ್ಕ ಹಲಸಿನ ಹಲಗೆಗಳಲ್ಲಿ ಪುಸ್ತಕದ ಕಪಾಟು ಮಾಡುತ್ತಿದ್ದೇನೆ. ಅಡ್ಡ ಹಲಗೆ ಕೂರಲು 18 ಮಿ.ಮೀ. ಅಗಲ, 8 ಮಿ.ಮೀ. ಆಳದ ತೋಡು ಬೇಕು. ಮರ ಕೊರೆಯುವ ಕೈಯಂತ್ರವಾದ ರೂಟರಿಗೆ 12 ಮಿ.ಮೀ. ನೇರ ಬಿಟ್ (ತಿರುಗುತ್ತಾ ಕೊರೆಯುವ ಮೊನೆ) ಹಾಕಿ, ಯಂತ್ರ ನೇರ ಸಾಗಲೆಂದು ಬಲಗಡೆ ಪಟ್ಟಿ ಬಿಗಿದು ಮುಂದಕ್ಕೆ ತಳ್ಳಿದೆ. ಯಂತ್ರ ಎಡಕ್ಕೆ ಓಡಿ ತೋಡು ಹಾವಿನಂತೆ ಬಂತು. ತಪ್ಪಿದ್ದೆಲ್ಲಿ?

ಸಾಗರದಿಂದ:
ಪಟ್ಟಿ ಇಟ್ಟ ಬದಿಯೇ ತಪ್ಪು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ಮುಂದಕ್ಕೆ ತಳ್ಳಿದಾಗ ಯಂತ್ರ ಎಡಕ್ಕೆ ವಾಲುತ್ತದೆ. ಪಟ್ಟಿ ಎಡಗಡೆ ಇದ್ದರೆ ಆ ವಾಲಿಕೆಯೇ ಯಂತ್ರವನ್ನು ಪಟ್ಟಿಗೆ ಒತ್ತಿ ಹಿಡಿಯುತ್ತದೆ.

ನಿಮ್ಮದು 12ರ ಬಿಟ್ ಆದ್ದರಿಂದ ಮೊದಲು ತೋಡಿನ ಬಲ ಅಂಚಿನ ಭಾಗವನ್ನು ಕೊರೆಯಿರಿ. ಆಮೇಲೆ ಪಟ್ಟಿಯನ್ನು 6 ಮಿ.ಮೀ. ಎಡಕ್ಕೆ ಸರಿಸಿ ಅಗಲಿಸಿ. ಇದನ್ನು ತಿರುವುಮುರುವು ಮಾಡಬೇಡಿ. ಅಗಲಿಸುವಾಗ ಬಿಟ್ ಬಲಗೋಡೆಯನ್ನು ಕಚ್ಚಿದರೆ ಯಂತ್ರ ತಾನೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ನನ್ನ ಕೈಯಿಂದ ಒಮ್ಮೆ ಹಾಗೆ ಹೋಗಿದೆ. ಬೆರಳು ಉಳಿದದ್ದು ಅದೃಷ್ಟ.

ಎಂಟು ಮಿ.ಮೀ. ಆಳವನ್ನು ಒಂದೇ ಏಟಿಗೆ ತೆಗೆಯಬೇಡಿ: ಮೂರು, ಮೂರು, ಎರಡು. ಬಿಟ್‌ನ ದಂಟನ್ನು ಕೊಲೆಟ್‌ನಲ್ಲಿ (ಬಿಟ್ ಹಿಡಿಯುವ ಬಾಯಿ) ತಳದವರೆಗೆ ಇಳಿಸಿ, ಎರಡು ಮಿ.ಮೀ. ಮೇಲೆತ್ತಿ ಬಿಗಿಯಿರಿ. ಮರ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿದೆ, ಇಲ್ಲವೇ ನೀವು ಒಂದೇ ಕಡೆ ನಿಂತುಬಿಟ್ಟಿದ್ದೀರಿ.

ತೀರ್ಥಹಳ್ಳಿಯಿಂದ:
ಕೆಡವಿದ ಮನೆಯ ಮರವೇ? ಮೊದಲು ಅಯಸ್ಕಾಂತ ಆಡಿಸಿ ನೋಡಿ. ಒಳಗೆ ಮುರಿದ ಮೊಳೆ ಇದ್ದರೆ ಬಿಟ್‌ನ ಅಲಗು ಸಿಡಿದು ಮುಖಕ್ಕೆ ಬರುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು, ಹೆಗಲ ಮೇಲಿನ ಟವೆಲ್ ಬೇಡ.

ನಮ್ಮೂರಿನಲ್ಲಿ ಇನ್ನೊಂದು ಶತ್ರು ಇದೆ: ಕರೆಂಟು. ಮಳೆಗಾಲದಲ್ಲಿ ಕೊರೆಯುವ ನಡುವೆ ಹೋಯಿತು. ಸ್ವಿಚ್ ಆರಿಸದೆ ರೂಟರನ್ನು ಮೇಜಿನ ಮೇಲಿಟ್ಟು ಕಾಫಿಗೆ ಹೋದೆ. ಬಿಟ್ ಇನ್ನೂ ಹೊರಗೇ ಚಾಚಿಕೊಂಡಿತ್ತು. ಕರೆಂಟು ಬಂದಾಗ ಯಂತ್ರ ಮೇಜಿನಿಂದ ಹಾರಿ ನೆಲ ಕೆರೆಯುತ್ತಾ ಹೋಯಿತು. ಅಂದಿನಿಂದ ಕರೆಂಟು ಹೋದೊಡನೆ ಸ್ವಿಚ್ ಆರಿಸಿ ಪ್ಲಗ್ ಕೀಳುತ್ತೇನೆ. ಬಿಟ್ ಬದಲಿಸುವಾಗಲೂ ಅಷ್ಟೇ.

ಶಿವಮೊಗ್ಗದಿಂದ:
ನಾಲ್ಕು ತೋಡಿಗೆ ಇಷ್ಟು ಗಲಾಟೆಯೇ? ಗರಗಸದಿಂದ ಎರಡು ಗೆರೆ ಕೊಯ್ದು ಉಳಿಯಲ್ಲಿ ತೆಗೆದರೆ ಆಯಿತು. ರೂಟರೇ ಬೇಕೆಂದರೆ, ಕೂರಿಸುವ ಹಲಗೆಯ ದಪ್ಪವನ್ನು ಅಳೆದು ನೋಡಿ. 18 ಎಂದದ್ದು ಎಷ್ಟೋ ಸಲ 17.5 ಇರುತ್ತದೆ, ಮಳೆಗಾಲದಲ್ಲಿ ಮರ ಉಬ್ಬುತ್ತದೆ ಬೇರೆ. ಚೂರು ಹಲಗೆಯ ಮೇಲೆ ಒಂದು ತೋಡು ಕೊರೆದು, ಕೂರಿಸಿ ನೋಡಿಯೇ ಮುಂದುವರಿಯಿರಿ.

ಹೊಸನಗರದಿಂದ:
ಅಯಸ್ಕಾಂತಕ್ಕೆ ಎರಡು ಮೊಳೆ ಸಿಕ್ಕವು, ಒಂದಂತೂ ಸರಿಯಾಗಿ ನನ್ನ ಗೆರೆಯ ಮೇಲೆಯೇ ಇತ್ತು. ಪಟ್ಟಿಯನ್ನು ಎಡಕ್ಕೆ ಹಾಕಿದ ಮೇಲೆ ತೋಡು ನೇರ ಬಂತು. ಎರಡು ಹಲಗೆ ಮುಗಿದಿವೆ. ಮೂರನೆಯದರ ಅರ್ಧದಲ್ಲಿ ಕರೆಂಟು ಹೋಗಿದೆ. ಪ್ಲಗ್ ಕಿತ್ತಿಟ್ಟು ಇದನ್ನು ಬರೆಯುತ್ತಿದ್ದೇನೆ.