ಮೊಟ್ಟೆಯ ಕಾವು, ಮರಿಯ ಕಾವು: ಒಂದು ಕರಪತ್ರಕ್ಕೆ ಪದ ಬೇಕಾಗಿದೆ

ಗೆಳೆಯರೇ,

ತಿಪಟೂರಿನ ಸುತ್ತಮುತ್ತ ಹಿತ್ತಲಿನಲ್ಲಿ ಹತ್ತಿಪ್ಪತ್ತು ಕೋಳಿ ಸಾಕಿಕೊಂಡಿರುವ ನಾವು ಕೆಲವರು ಬರುವ ತಿಂಗಳು ಒಂದು ತೆಂಗಿನ ತೋಟದಲ್ಲಿ ಸೇರಬೇಕೆಂದಿದ್ದೇವೆ. ಬಂದವರ ಕೈಗೆ ಕೊಡಲು ನಾಲ್ಕು ಪುಟದ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದು ‘ಕಾವು’ ಎಂಬ ಒಂದೇ ಪದದ ಬಳಿ ನಿಂತುಬಿಟ್ಟಿದೆ.

ಸಾಕಾಣಿಕೆಯ ಕೈಪಿಡಿಗಳನ್ನು ತೆರೆದರೆ ಒಂದು ಪುಟದಲ್ಲಿ ‘ಕಾವು: 37.5 ಡಿಗ್ರಿ, 21 ದಿನ’ ಎಂದಿರುತ್ತದೆ. ನಾಲ್ಕು ಪುಟ ಮಗುಚಿದರೆ ‘ಕಾವು: ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ’ ಎಂದಿರುತ್ತದೆ. ಮೊದಲನೆಯದು ಮೊಟ್ಟೆಯ ಮಾತು, ಎರಡನೆಯದು ಮರಿಯ ಮಾತು. ಬಲ್ಲವರಿಗೆ ತೊಡಕಿಲ್ಲ. ಮೊಟ್ಟೆಗೆ ಕಾವು ಕೊಡುವ ಯಂತ್ರವನ್ನು ಹೊಸದಾಗಿ ತಂದಿಟ್ಟುಕೊಂಡವರು ಎರಡನ್ನೂ ಒಂದೆಂದುಕೊಂಡು ಎರಡನೇ ವಾರ ಮೊಟ್ಟೆಯ ಶಾಖ ಇಳಿಸಿದರೆ ಒಳಗಿರುವ ಜೀವ ಅಲ್ಲಿಗೇ ಮುಗಿಯಿತು.

ನಮ್ಮ ಭಾಷೆ ಬಡವಾಗಿದ್ದರಿಂದ ಹೀಗಾಯಿತೆಂದು ನಾನು ಒಪ್ಪುವುದಿಲ್ಲ. ನಾಟಿ ಕೋಳಿಯ ಮನೆಯಲ್ಲಿ ಎರಡು ಪದಗಳ ಅಗತ್ಯವೇ ಇರಲಿಲ್ಲ. ಮಂಕರಿಯಲ್ಲಿ ಹುಲ್ಲು ಹಾಸಿ, ಒಂಬತ್ತೋ ಹನ್ನೊಂದೋ ಮೊಟ್ಟೆಯಿಟ್ಟು ಹೇಂಟೆಯನ್ನು ಕೂರಿಸಿದರೆ ಮೊಟ್ಟೆ ಒಡೆಯುವ ತನಕವೂ ಅದೇ ಮೈ, ಒಡೆದ ಮೇಲೂ ಅದೇ ರೆಕ್ಕೆ. ಕಾವು ಎಲ್ಲಿ ಮೊಟ್ಟೆಯದು, ಎಲ್ಲಿಂದ ಮರಿಯದು ಎಂದು ಕೇಳುವವರು ಯಾರು? ಬೆಂಗಳೂರಿನ ಹೆಬ್ಬಾಳದಲ್ಲಿ ಗಿರಿರಾಜ ತಳಿ ಸಿದ್ಧವಾಗಿ, ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ತರುವುದು ರೂಢಿಯಾದ ಮೇಲೆ ತಾಯಿ ನಡುವಿನಿಂದ ಹೊರಟುಹೋಯಿತು. ಈ ಸುಧಾರಿತ ತಳಿಗಳ ಹೇಂಟೆಗಳು ಕಾವಿಗೆ ಕೂರುವುದೂ ಅಪರೂಪ. ಮೊಟ್ಟೆಗೆ ಯಂತ್ರ ಬಂತು, ಮರಿಗೆ ಬಲ್ಬು ಬಂತು, ಪದ ಮಾತ್ರ ಒಂದೇ ಉಳಿಯಿತು.

ಮರಿಯ ಕಾವು ಬೇರೆಯೇ ಕೆಲಸ. ಭತ್ತದ ಹೊಟ್ಟಿನ ಮೇಲೆ ಹಳೆಯ ಪತ್ರಿಕೆ ಹಾಸಿ (ಹಾಸದಿದ್ದರೆ ಮೊದಲ ದಿನಗಳಲ್ಲಿ ಹೊಟ್ಟನ್ನೇ ತಿನ್ನುತ್ತವೆ), ನುಚ್ಚು ಚೆಲ್ಲಿ, ಬಲ್ಬು ಇಳಿಬಿಟ್ಟು, ಸುಮ್ಮನೆ ನೋಡುತ್ತಾ ಕೂರಬೇಕು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಕಾವು ಸಾಲದು. ಅಂಚಿಗೆ ಸರಿದು, ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ಏದುತ್ತಿದ್ದರೆ ಹೆಚ್ಚಾಗಿದೆ. ಅಲ್ಲಲ್ಲಿ ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ. ಇಷ್ಟನ್ನು ಬರೆಯಲು ನನಗೆ ಕಷ್ಟವಾಗಲಿಲ್ಲ. ಇದರ ತಲೆಬರಹವೇ ಸಿಗುತ್ತಿಲ್ಲ.

‘ಬ್ರೂಡಿಂಗ್’ ಎಂದೇ ಇಡೋಣ ಎಂದವರಿದ್ದಾರೆ. ಫಾರಂ ಇಟ್ಟವರ ಬಾಯಲ್ಲಿ ಅದು ಇದೆ, ನಿಜ. ಆದರೆ ನಮ್ಮ ಕೂಟದಲ್ಲಿ ಮುಕ್ಕಾಲು ಪಾಲು ಮನೆಯ ಹೆಂಗಸರು. ಅವರಿಗೆ ಈ ಪದ ಹೇಳಿ, ಮತ್ತೆ ಅದರ ಅರ್ಥ ಹೇಳಿ, ಕೊನೆಗೆ ‘ಕಾವು ಕೊಡುವುದು ಕಣಮ್ಮ’ ಎನ್ನುವ ಹೊತ್ತಿಗೆ ಹೊರಟಲ್ಲಿಗೇ ಬಂದಿರುತ್ತೇವೆ. ‘ಕೃತಕ ತಾಯ್ತನ’ ಎಂದು ಒಬ್ಬ ಮೇಷ್ಟ್ರು ಬರೆದುಕೊಟ್ಟಿದ್ದಾರೆ. ಅವರ ಮೇಲಿನ ಗೌರವದಿಂದ ಇನ್ನೂ ಅಳಿಸಿಲ್ಲ.

ನನಗೆ ಹೊಳೆದದ್ದು ಮಳೆಗಾಲ, ಬೆಟ್ಟದಾವರೆಗಳ ಜಾಡಿನಲ್ಲಿ ಆದೇಶಸಂಧಿ ಮಾಡಿ ‘ಮೊಟ್ಟೆಗಾವು’, ‘ಮರಿಗಾವು’ ಎನ್ನುವುದು. ಕಾಗದದ ಮೇಲೆ ಚೆನ್ನಾಗಿಯೇ ಕಂಡಿತು. ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದರೆ, ‘ಮರಿಗೆ ಆವು ಬಂತೇ? ಎಲ್ಲಿ?’ ಎಂದು ಗೂಡಿನ ಕಡೆ ಎದ್ದೇಬಿಟ್ಟರು. ಹಕಾರ ಬಿಟ್ಟು ಮಾತಾಡುವ ಸೀಮೆಯಲ್ಲಿ ಈ ಸಮಾಸ ಬದುಕುವುದಿಲ್ಲ. ಸದ್ಯಕ್ಕೆ ಮೊಟ್ಟೆಗೆ ‘ಕಾವು’, ಮರಿಗೆ ‘ಬಿಸಿ’ ಎಂದು ಹಂಚಿಕೊಂಡಿದ್ದೇನೆ. ‘ಕಾವಿಗೆ ಇಡುವುದು’, ‘ಮರಿಗೆ ಬಿಸಿ ಹಿಡಿಸುವುದು’. ಎರಡನೆಯದು ಒಲೆಯ ಮೇಲೆ ಏನೋ ಇಟ್ಟಂತೆ ಕೇಳಿಸುತ್ತದೆಯೇ? ನಿಮ್ಮ ಕಿವಿ ಏನೆನ್ನುತ್ತದೆ ತಿಳಿಸಿ. ಮಲೆನಾಡಿನವರಲ್ಲಿ ಎಳೆಯ ಕೋಳಿಮರಿಗೆ ‘ಹೂಮರಿ’ ಎಂಬ ಸೊಗಸಾದ ಪದವಿದೆ. ಅದನ್ನು ಬೆಚ್ಚಗಿಡುವುದಕ್ಕೂ ಅಲ್ಲಿ ಪದವಿರಬಹುದೆಂಬ ಆಸೆ ನನಗೆ.

ಉಳಿದವು ಸಣ್ಣಪುಟ್ಟವು. ‘ಹೇಂಟೆ’ ಎಂದು ಬರೆದರೆ ನಮ್ಮಲ್ಲಿ ‘ಯಾಟೆ’ ಎನ್ನುವವರಿಗೂ ತಿಳಿಯುತ್ತದೆ, ಹಾಗಾಗಿ ಅದೇ ಇರಲಿ. ‘ನಾಟಿ’ ಎಂದ ಕಡೆ ‘ಜವಾರಿ’ ಎಂದೂ ಸೇರಿಸುತ್ತೇನೆ, ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರೂ ಇದ್ದಾರೆ. ರೋಗದ ಹೆಸರು ಮಾತ್ರ ‘ಕೊಕ್ಕರೆ ರೋಗ’ ಎಂದೇ ಇರಬೇಕು. ಅದಕ್ಕಿರುವ ಇನ್ನೊಂದು ಹೆಸರು ‘ರಾಣಿಖೇತ್’ ಉತ್ತರಾಖಂಡದ ಊರಿನದು, ಇಂಗ್ಲೆಂಡಿನವರು ಇದೇ ರೋಗವನ್ನು ತಮ್ಮ ನ್ಯೂಕ್ಯಾಸಲ್ ಊರಿನ ಹೆಸರಿನಿಂದ ಕರೆಯುತ್ತಾರೆ. ಲಸಿಕೆಯ ಶೀಶೆಯ ಮೇಲೆ ಈ ಹೆಸರುಗಳು ಇರುವುದರಿಂದ ಒಂದು ಸಲ ಕಂಸದಲ್ಲಿ ಕೊಟ್ಟರೆ ಸಾಕು.

ಸೇರುವಿಕೆಗೆ ಏನೆನ್ನುವುದು ಎಂಬುದೂ ಬಾಕಿ ಇದೆ. ಮೂವತ್ತು ಜನಕ್ಕೆ ‘ಸಮಾವೇಶ’ ಎಂದರೆ ಶಾಮಿಯಾನ ಹಾಕಿಸಬೇಕಾಗುತ್ತದೆ. ‘ಕೋಳಿ ಕೂಟ’ ಎಂದರೆ ಅರ್ಧ ಊರು ಬಾಡೂಟಕ್ಕೆಂದು ಬರುತ್ತದೆ, ಮಂಗಳೂರು ಕಡೆಯವರು ಕೋಳಿ ಅಂಕ, ಅಂದರೆ ಕೋಳಿ ಕಾಳಗ, ಎಂದುಕೊಂಡಾರು. ‘ಕೋಳಿ ಸಾಕುವವರ ಮಾತುಕತೆ’ ಎಂದು ಬರೆದಿದ್ದೇನೆ, ಇನ್ನೂ ಚುರುಕಾದದ್ದು ಇದ್ದರೆ ಕೊಡಿ. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಕೋಳಿ ತರಬೇಡಿ, ಮೊಟ್ಟೆ ತನ್ನಿ’ ಎಂದಿದೆ. ಹತ್ತು ಊರಿನ ಕೋಳಿ ಒಂದೆಡೆ ಸೇರಿದರೆ ರೋಗವೂ ಹತ್ತು ಊರಿಗೆ ಹಂಚಿಹೋಗುತ್ತದೆ.

ಇನ್ನೊಂದನ್ನು ಕೇಳಲೇಬೇಕು. ಮರಿಗಳಿಗೆ ಪುಕ್ಕ ಬಲಿತ ಮೇಲೆ ಒಂದು ದಿನ ತಾಯಿ ಕೋಳಿ ಅವನ್ನು ಕುಕ್ಕಿ ದೂರ ಓಡಿಸಿ, ಹುಂಜದ ಜೊತೆ ತಿರುಗಿ ಮತ್ತೆ ಮೊಟ್ಟೆಗೆ ಬರುತ್ತದೆ. ನಮ್ಮಲ್ಲಿ ಇದಕ್ಕೆ ‘ಮರಿ ಬಿಟ್ಟಿತು’ ಎನ್ನುತ್ತಾರೆ. ಮೊಟ್ಟೆ ಒಡೆದು ಮರಿ ಹೊರಬಂದಾಗಲೂ ‘ಮರಿ ಬಿಟ್ಟಿತು’ ಎನ್ನುವವರಿದ್ದಾರೆ. ಹಾಸನ, ಶಿವಮೊಗ್ಗ, ಧಾರವಾಡದ ಕಡೆ ಈ ಎರಡಕ್ಕೂ ಬೇರೆ ಬೇರೆ ಮಾತಿದೆಯೇ? ಇದ್ದರೆ ಊರಿನ ಹೆಸರಿನೊಡನೆ ಬರೆಯಿರಿ. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.